ಪಾವಡಿಯಲ್ಲಿ ನಿಂತ ಲಾರಿ

ಹೋದ ತಿಂಗಳು ನನ್ನ ಮಗಳು ತಿರುಪ್ಪೂರಿನಲ್ಲಿ ಕಾರು ತೆಗೆದುಕೊಂಡಳು. ಷೋರೂಮಿನವರು ಕಾರಿಗೆ ರಿಬ್ಬನ್ನು ಕಟ್ಟಿ, ಫೋಟೋ ತೆಗೆದು, ನಾಲ್ಕು ಚಕ್ರಗಳ ಮುಂದೆಯೂ ಒಂದೊಂದು ನಿಂಬೆಹಣ್ಣು ಇಟ್ಟರು. ಕಾರು ಮೆಲ್ಲಗೆ ಮುಂದಕ್ಕೆ ಹರಿಯಿತು. ನಿಂಬೆಹಣ್ಣು ಪಚಕ್ಕೆಂದಿತು. ಆ ಹುಳಿ ವಾಸನೆ, ಬಿಸಿಲಿಗೆ ಕಾದ ರಬ್ಬರಿನ ವಾಸನೆಯ ಜೊತೆ ಸೇರಿ ನನ್ನ ಮೂಗಿಗೆ ಬಡಿದಾಗ ಮಗಳ ಪಕ್ಕದ ಸೀಟಿನಲ್ಲಿ ಕೂತಿದ್ದ ನಾನು ನೆಟ್ಟಗಾದೆ. ಕಾರಿನ ಮೂತಿ ಗೇಟು ದಾಟಿ ರಸ್ತೆಯ ಮೇಲೆ ಒಂದು ಮೊಳ ಬಂದಿತ್ತು. ವಾಚ್‌ಮನ್ ಓಡಿಬಂದು, ರಸ್ತೆಯಲ್ಲಿ ನಿಲ್ಲಿಸಬೇಡಿ, ಸ್ವಲ್ಪ ಹಿಂದಕ್ಕೆ ತೆಗೆಯಿರಿ ಎಂದು ತಮಿಳಿನಲ್ಲಿ ಹೇಳಿದ. ಮಗಳು ರಿವರ್ಸ್ ಗೇರಿಗೆ ಕೈ ಹಾಕಿದಳು. ನಾನು ಆ ಕೈಯನ್ನು ಹಿಡಿದುಕೊಂಡೆ.

"ಹಿಂದಕ್ಕೆ ಬೇಡ," ಎಂದೆ.

"ರೋಡಿನ ಮೇಲೆ ನಿಂತಿದೆ ಅಮ್ಮಾ."

"ನಿಂತಿರಲಿ. ಪೂಜೆಯಾದ ವಂಡಿ ಹಿಂದಕ್ಕೆ ಹೋಗಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಅದು ನನ್ನದಲ್ಲ, ನನ್ನ ಅತ್ತೆಯದು. ಟ್ರಾಫಿಕ್ ಬಿಡುವಾಗುವವರೆಗೆ ವಾಚ್‌ಮನ್ ಗೊಣಗುತ್ತಲೇ ಇದ್ದ. ನಾವು ಕೂತೇ ಇದ್ದೆವು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಎಂಬತ್ತರ ದಶಕದ ನಡುವಿನ ಒಂದು ವರ್ಷ, ಸೂಲೂರಿನ ಪಕ್ಕದ ನಮ್ಮ ನೇಕಾರರ ಬೀದಿ, ಮತ್ತು ಇಂಜಿನ್ನಿಲ್ಲದ ಒಂದು ಲಾರಿ.

ನಾನು ಕೊಳ್ಳೇಗಾಲದ ಕಡೆಯವಳು. ರಾಜ್ಯಗಳು ಬೇರೆಯಾಗುವ ಮುಂಚೆ ನಮ್ಮೂರೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಡುವೆ ಗಡಿ ಬಂದರೂ ನೇಕಾರರ ಮನೆಗಳ ಕೊಡುಕೊಳ್ಳುವಿಕೆ ನಿಲ್ಲಲಿಲ್ಲ. ಹಾಗೆ ಸೊಸೆಯಾಗಿ ಕೊಯಮತ್ತೂರಿಗೆ ಹತ್ತಿರದ ಸೂಲೂರಿನ ಕಡೆ ಬಂದೆ. ಬೀದಿಯಲ್ಲಿ ಎಲ್ಲರ ಮನೆಮಾತೂ ಕನ್ನಡವೇ. ಆದರೆ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೆ. ಅವರ ಕನ್ನಡದಲ್ಲಿ ಅರ್ಧ ತಮಿಳು, ರಾಗವಂತೂ ಪೂರಾ ತಮಿಳು. ನಾನು ಹಾಸು ಎನ್ನುವುದನ್ನು ಅವರು ಪಾವು ಎನ್ನುತ್ತಿದ್ದರು. ಮಗ್ಗಕ್ಕೆ ಏರಿಸುವ ಮುಂಚೆ ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚುವ ನೂಲದು. "ನಿಂದು ಪುಸ್ತಕದ ಕನ್ನಡ, ಅಮ್ಮಿಣಿ. ಪುಸ್ತಕ ಮುಚ್ಚಿಟ್ಟು ಮಾತಾಡು," ಎನ್ನುತ್ತಿದ್ದರು ಅತ್ತೆ. ಆ ಕಡೆ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವುದು ಅಮ್ಮಿಣಿ ಎಂದು. ಅತ್ತೆ ಬೈಯುವಾಗಲೂ ಅದೇ ಹೆಸರಿನಿಂದ ಕರೆಯುತ್ತಿದ್ದರು.

ಅತ್ತೆಯ ಹೆಸರು ಚೌಡಮ್ಮ. ಮಾವನವರು ಅರ್ಧ ಆಯಸ್ಸು ಮಗ್ಗದಲ್ಲಿ ಕಳೆದು, ಆಮೇಲೆ ಒಂದು ಹಳೆಯ ಲಾರಿ ಹಿಡಿದು ನೂಲಿನ ಮೂಟೆ, ಬಟ್ಟೆಯ ಬೇಲು ಸಾಗಿಸುತ್ತಿದ್ದರು. ಆ ವರ್ಷ ಪೊಂಗಲ್ ಕಳೆದು ಸ್ವಲ್ಪ ದಿನಕ್ಕೆ ಪಲ್ಲಡದ ಹತ್ತಿರ ಲಾರಿಯ ಇಂಜಿನ್ ಹಿಡಿದುಕೊಂಡಿತು. ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದು ಬೀದಿಯ ಕೊನೆಯಲ್ಲಿ ನಿಲ್ಲಿಸಿದ ಮಾವ, ಅದೇ ಸಂಜೆ ಜ್ವರ ಎಂದು ಮಲಗಿದವರು ತಿಂಗಳೊಳಗೆ ಹೋಗಿಬಿಟ್ಟರು. ಲಾರಿ ಅತ್ತೆಯ ಹೆಸರಿಗೆ ಬಂತು. ನನ್ನ ಗಂಡ ರಂಗಸಾಮಿ ಲೈಸೆನ್ಸ್ ಇದ್ದ ಡ್ರೈವರ್. ಸ್ವಂತ ಲಾರಿ ನಿಂತ ಮೇಲೆ ಬೇರೊಬ್ಬರ ಲಾರಿ ಹತ್ತಿ ಕೇರಳದ ಕಡೆಗೆ ಹೋಗತೊಡಗಿದರು. ಆ ಮಾಲೀಕನ ಬಾಯಿ ಕೆಟ್ಟದ್ದು. ಮನೆಗೆ ಬಂದಾಗೆಲ್ಲ ಅವರು ಗೋಡೆಯ ಕಡೆ ತಿರುಗಿ ಊಟ ಮಾಡುವುದನ್ನು ನಾವಿಬ್ಬರೂ ನೋಡುತ್ತಿದ್ದೆವು. ಅತ್ತೆ ಒಂದು ದಿನ ಸೆರಗು ಬಿಗಿದು ಹೇಳಿದರು, "ನನ್ ಮಗ ಇನ್ನೊಬ್ರ ಸ್ಟೇರಿಂಗ್ ಇಡಿಯೋದು ಈ ಒಂದು ವರ್ಸ ಮಾತ್ರ. ದೀಪಾವಳಿಗೆ ನಮ್ ವಂಡಿ ಓಡ್ಬೇಕು."

ಇಂಜಿನ್ನನ್ನು ಇಳಿಸಿ ಪೋತ್ತನೂರಿಗೆ ಕಳಿಸಿದರು. ಅಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಮೇಸ್ತ್ರಿ ಮನೆಯ ಹಿಂದೆ ಶೆಡ್ಡು ಹಾಕಿಕೊಂಡಿದ್ದರು. ಕೈ ಒಳ್ಳೆಯದು, ಆದರೆ ಅವಸರ ಎನ್ನುವುದು ಅವರ ಜಾತಕದಲ್ಲೇ ಇರಲಿಲ್ಲ. ಲಾರಿ ಬೀದಿಯಲ್ಲೇ ಉಳಿಯಿತು.

ಅದು ನಿಂತ ಜಾಗದ ಬಗ್ಗೆ ಹೇಳಬೇಕು. ನಮ್ಮ ಬೀದಿಯ ಕೊನೆಗೆ ಅಗಲವಾದ ಬಯಲಿತ್ತು. ಅದಕ್ಕೆ ಪಾವಡಿ ಎಂದು ಹೆಸರು, ಪಾವು ಎಳೆಯುವ ಜಾಗ. ಬೀದಿಯ ನೇಕಾರರಿಗೆಲ್ಲ ಸೇರಿದ್ದು. ಹಿರಿಯರು ಅದರ ಎರಡು ತುದಿಗೆ ಎರಡು ಕಲ್ಲು ನೆಟ್ಟಿದ್ದರು. ಬೆಳಗಿನ ಜಾವ ಆ ಕಲ್ಲಿನಿಂದ ಈ ಕಲ್ಲಿಗೆ ಪಾವು ಎಳೆದು ಕಟ್ಟಿ, ಅಕ್ಕಿಗಂಜಿ ಹಚ್ಚಿ, ಇಬ್ಬರು ಎರಡೂ ಕಡೆ ನಿಂತು ಕುಂಚದಿಂದ ಉಜ್ಜುತ್ತ ಹೋಗುತ್ತಿದ್ದರು. ಬಿಸಿಲು ಏರುವಷ್ಟರಲ್ಲಿ ಒಣಗಿ ಮನೆಗೆ ಹೋಗಬೇಕು. ಎಲ್ಲ ಮನೆಯ ಪಾವೂ ಒಂದೇ ಉದ್ದ ಇರಲಿ ಎಂದು ಮನೆಮನೆಯಲ್ಲೂ ಒಂದು ಅಳತೆಯ ಹಗ್ಗವಿತ್ತು, ಕಲ್ಲಿನಿಂದ ಕಲ್ಲಿಗೆ ಸರಿಯಾಗಿ. ನಮ್ಮ ಮನೆಯದು ಮಗ್ಗದ ಮೇಲಿನ ಗೂಟದಲ್ಲಿ ಸುರುಳಿ ಸುತ್ತಿಕೊಂಡಿತ್ತು.

ಕೆಲವು ವರ್ಷದ ಹಿಂದೆ ಬೀದಿಗೆ ಟಾರು ಬಂದಾಗ ರಸ್ತೆ ಹಾಕುವವರು ಪಾವಡಿಯ ಉತ್ತರದ ತುದಿಯನ್ನೂ ಸೇರಿಸಿ ಹಾಕಿಬಿಟ್ಟಿದ್ದರು. ರೋಲರು ತಗುಲಿ ಆ ಕಡೆಯ ಕಲ್ಲು ಮುರಿಯಿತು. ಬುಡ ಟಾರಿನಡಿ ಮುಚ್ಚಿಹೋಯಿತು. ಅದರ ಬದಲಿಗೆ ಒಂದು ತೆಂಗಿನ ಕಂಬ ನೆಟ್ಟರು, ಗೆದ್ದಲು ತಿಂದಿತು. ಆಮೇಲೆ ಲಾರಿ ಬಂದು ನಿಂತಿತಲ್ಲ, ಬೀದಿಯವರು ಹಗ್ಗವನ್ನು ಅದರ ಬಂಪರಿಗೆ ಕಟ್ಟತೊಡಗಿದರು. ಎಷ್ಟು ಎಳೆದರೂ ಅಲುಗದ ಕಂಬ. ಅತ್ತೆಗೆ ಅದೇ ಹೆಮ್ಮೆ. "ನೋಡು, ಇಂಜಿನ್ ಇಲ್ದೇನೂ ನಮ್ ವಂಡಿ ದಿನಾ ವೇಲೆಗೆ ಓಗ್ತದೆ," ಎನ್ನುತ್ತಿದ್ದರು. ವೇಲೆ ಎಂದರೆ ಕೆಲಸ.

ಆಡಿ ತಿಂಗಳ, ನಮ್ಮ ಆಷಾಢದ, ಗಾಳಿ ಎದ್ದ ಮೇಲೆ ತಕರಾರೂ ಎದ್ದಿತು. ಎದುರು ಸಾಲಿನ ಪೊನ್ನುಸಾಮಿ ನಮ್ಮವನೇ. ಕೈಮಗ್ಗ ಬಿಟ್ಟು ಮನೆಯ ಹಿಂದೆ ಪವರ್‌ಲೂಮ್ ಹಾಕಿದ್ದ, ಹೊಸದಾಗಿ ಒಂದು ವ್ಯಾನೂ ತಂದಿದ್ದ. ಅವನಿಗೆ ಪಾವಡಿಯ ಹಂಗಿರಲಿಲ್ಲ, ಅವನ ನೂಲು ಗಂಜಿ ಹಾಕಿಸಿಕೊಂಡೇ ಮಿಲ್ಲಿನಿಂದ ಬರುತ್ತಿತ್ತು. ಲಾರಿ ಇರುವುದರಿಂದ ಅವನ ವ್ಯಾನು ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ನಮ್ಮನ್ನು ಒಂದು ಮಾತು ಕೇಳದೆ ನೇರವಾಗಿ ಪೋಲೀಸಿಗೆ ಅರ್ಜಿ ಕೊಟ್ಟ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ, ವ್ಯಾನಿಗಲ್ಲ.

ಒಬ್ಬ ಏಟು, ಅಂದರೆ ಹೆಡ್ ಕಾನ್‌ಸ್ಟೇಬಲ್, ಸೈಕಲ್ಲಿನಲ್ಲಿ ಬಂದರು. ಲಾರಿಯ ಸುತ್ತ ಎರಡು ಸುತ್ತು ಹಾಕಿ, ಟ್ಯಾಕ್ಸ್ ಕಟ್ಟಿದ ಕಾಗದ ಎಲ್ಲಿ, ಇನ್ಶೂರೆನ್ಸ್ ಎಲ್ಲಿ, ಗಾಡಿ ಓಡಲು ಯೋಗ್ಯ ಎನ್ನುವ ಎಫ್.ಸಿ. ಎಲ್ಲಿ ಎಂದು ಕೇಳಿದರು. ಓಡದ ಲಾರಿಗೆ ಅದೆಲ್ಲ ಯಾಕೆ ಎಂದರು ಅತ್ತೆ. ಕತ್ತಲಾದ ಮೇಲೆ ರಸ್ತೆಯಲ್ಲಿ ನಿಲ್ಲುವ ಗಾಡಿಗೆ ಹಿಂದೆ ಕೆಂಪು ದೀಪವಾದರೂ ಇರಬೇಕಲ್ಲ, ಅದೂ ಇಲ್ಲ ಎಂದರು ಅವರು. "ದೀಪ ತಾನೇ, ಇಡ್ತೀನಿ," ಎಂದರು ಅತ್ತೆ. ಆ ಸಂಜೆಯಿಂದಲೇ ಒಂದು ಲಾಟೀನಿಗೆ ಹಳೆಯ ಕೆಂಪು ರವಿಕೆಯ ಬಟ್ಟೆ ಸುತ್ತಿ ಲಾರಿಯ ಹಿಂದೆ ನೇತುಹಾಕಿದರು. ಮುಂದಿನ ವಾರ ಅದನ್ನು ನೋಡಿದ ಏಟು ನಗಲೂ ಆಗದೆ ಬೈಯಲೂ ಆಗದೆ ಒಂದು ನೋಟೀಸು ಕೊಟ್ಟು ಹೋದರು. ಕಾಗದ ಸರಿಮಾಡಿಕೊಳ್ಳದಿದ್ದರೆ ಲಾರಿಯನ್ನು ಎಳೆದುಕೊಂಡು ಹೋಗಿ ಠಾಣೆಯ ಹಿಂದಿನ ಬಯಲಿನಲ್ಲಿ ಹಾಕುತ್ತಾರೆ ಎಂದಿತ್ತು.

ಆ ಬಯಲನ್ನು ನಾವು ಬಸ್ಸಿನಿಂದ ನೋಡಿದ್ದೆವು. ಅಲ್ಲಿಗೆ ಹೋದ ಗಾಡಿಗಳ ಟಯರು ಮೊದಲು ಹೋಗುತ್ತಿತ್ತು, ಆಮೇಲೆ ಬಾಗಿಲು, ಆಮೇಲೆ ಮುಳ್ಳುಗಿಡ ಬೆಳೆಯುತ್ತಿತ್ತು. ಲಾರಿ ಅಲ್ಲಿಗೆ ಹೋದರೆ ಪೋತ್ತನೂರಿನ ಇಂಜಿನ್ ಕೂರಿಸಲು ಏನೂ ಉಳಿಯುತ್ತಿರಲಿಲ್ಲ. ನನ್ನ ಗಂಡ ಆ ಕೆಟ್ಟ ಬಾಯಿಯವನ ಕೈಕೆಳಗೇ ಇರಬೇಕಾಗುತ್ತಿತ್ತು.

ಗಂಡ ಊರಲ್ಲಿರಲಿಲ್ಲ. ನೋಟೀಸು ಹಿಡಿದುಕೊಂಡು ಅತ್ತೆಯೂ ನಾನೂ ಕೊಯಮತ್ತೂರಿನ ಆರ್.ಟಿ.ಓ. ಆಫೀಸಿಗೆ ಹೋದೆವು. ಹೊರಗೆ ಹುಣಸೆಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುವ ಮುದುಕರೊಬ್ಬರಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ. ಕಾನೂನು ಏನೆಂದು ನನಗೆ ತಿಳಿದದ್ದು ಆ ಮರದಡಿಯಲ್ಲೇ. ಗಾಡಿ ಓಡುತ್ತದೋ ಇಲ್ಲವೋ ಎನ್ನುವುದು ಸರ್ಕಾರಕ್ಕೆ ಬೇಡ, ಎಲ್ಲಿ ನಿಂತಿದೆ ಎನ್ನುವುದು ಬೇಕು ಎಂದರು ಅವರು. ಸಾರ್ವಜನಿಕ ರಸ್ತೆಯಲ್ಲಿ ನಿಂತಿದ್ದರೆ ಅದು ಓಡಿಸಲು ಇಟ್ಟುಕೊಂಡ ಗಾಡಿಯೇ, ತುಕ್ಕು ಹಿಡಿದಿದ್ದರೂ ಸರಿ. ಟ್ಯಾಕ್ಸು, ಇನ್ಶೂರೆನ್ಸು, ಎಫ್.ಸಿ. ಎಲ್ಲ ಬೇಕು. ಓಡಿಸುವುದಿಲ್ಲ ಎನ್ನುವುದಾದರೆ ಮೂರು ತಿಂಗಳ ಕಂತು ಶುರುವಾಗುವ ಮುಂಚೆಯೇ ಬರೆದುಕೊಡಬೇಕು, ಆರ್.ಸಿ. ಪುಸ್ತಕವನ್ನೂ ಪರ್ಮಿಟ್ಟನ್ನೂ ಆಫೀಸಿಗೆ ಒಪ್ಪಿಸಬೇಕು, ಗಾಡಿ ಯಾವ ಜಾಗದಲ್ಲಿರುತ್ತದೆ ಎಂದು ಕಾಣಿಸಬೇಕು. ಆ ಜಾಗ ರಸ್ತೆಯಾಗಿರಬಾರದು. ಕಾಣಿಸಿದ ಮೇಲೆ ಗಾಡಿ ಅಲ್ಲಿಂದ ಕದಲಬಾರದು. ಬ್ರೇಕ್ ಇನ್ಸ್‌ಪೆಕ್ಟರ್ ಯಾವತ್ತಾದರೂ ಬಂದು ನೋಡುತ್ತಾರೆ. ಮೋಟಾರ್ ಇನ್ಸ್‌ಪೆಕ್ಟರಿಗೆ ಆ ಕಡೆ ಎಲ್ಲರೂ ಹೇಳುತ್ತಿದ್ದದ್ದು ಹಾಗೆ.

"ನಿಮ್ಮ ಲಾರಿ ಎಲ್ಲಿ ನಿಂತಿದೆ?" ಎಂದು ಕೇಳಿದರು.

"ಟಾರ್ ರೋಡಿನ ಮೇಲೆ," ಎಂದೆ ನಾನು.

"ಆ ಟಾರು ನಮ್ ಪಾವಡಿ ಮೇಲೆ ಕೂತದೆ, ಅದ್ನೂ ಏಳು," ಎಂದರು ಅತ್ತೆ. ಅದಕ್ಕೆ ಆಗ ನಾನೂ ಕಿವಿಗೊಡಲಿಲ್ಲ, ಟೈಪ್ ಮಾಡುವವರೂ ಕಿವಿಗೊಡಲಿಲ್ಲ. ಪಕ್ಕದಲ್ಲಿ ಮಣ್ಣಿನ ಜಾಗ ಇದೆಯಲ್ಲ, ಅಲ್ಲಿಗೆ ಸರಿಸಿಬಿಡಿ ಎಂದರು. ಬೀದಿಯ ಹಿರಿಯರು ಒಂದು ಕಾಗದ ಬರೆದುಕೊಟ್ಟರು. ಹದಿನೈದು ಜನ ಸೇರಿ ಲಾರಿಯನ್ನು ಪಾವಡಿಯ ಮಣ್ಣಿಗೆ ಸರಿಸಿದರು. ಬಸ್ಸಿನ ಬೋರ್ಡು ಓದಿ ಓದಿ ತಮಿಳು ಅಕ್ಷರ ಕಲಿತಿದ್ದ ನಾನು, ಲಾರಿ ಈ ಸ್ಥಳದಿಂದ ಕದಲುವುದಿಲ್ಲ ಎಂದು ನನ್ನ ಕೈಯಾರೆ ಬರೆದೆ. ಅತ್ತೆ ಹೆಬ್ಬೆಟ್ಟು ಒತ್ತಿದರು. ಪುಸ್ತಕ, ಪರ್ಮಿಟ್ಟು ಎಲ್ಲ ಒಪ್ಪಿಸಿ ಬಂದೆವು. ಎಲ್ಲ ಸಟ್ಟದ ಪ್ರಕಾರ, ಕಾನೂನಿನ ಪ್ರಕಾರ ಆಯಿತು, ಇನ್ನು ಯಾರೂ ಮುಟ್ಟುವ ಹಾಗಿಲ್ಲ ಎಂದು ಬೀದಿಯಲ್ಲಿ ನಾನೇ ಜಂಬ ಕೊಚ್ಚಿಕೊಂಡೆ.

ಆಮೇಲೆ ಆಯುಧ ಪೂಜೆ ಬಂತು.

ನನ್ನ ಗಂಡ ಹಬ್ಬಕ್ಕೆ ಬಂದಿದ್ದರು. ಮಗ್ಗ ತೊಳೆದು, ಲಾಳಿಗೆ ಕುಂಕುಮವಿಟ್ಟು ಆಯಿತು. ಲಾರಿಗೂ ಮೈ ತೊಳೆಸಿ ವಿಭೂತಿಯ ಪಟ್ಟೆ ಬಳಿದು ಚೆಂಡುಹೂವಿನ ಮಾಲೆ ಹಾಕಿದರು. ಅತ್ತೆ ನಾಲ್ಕು ನಿಂಬೆಹಣ್ಣು ತಂದು ಚಕ್ರದ ಮುಂದಿಟ್ಟು, "ಎಲ್ರೂ ಬನ್ನಿಂಗ, ಒಂದ್ ಕೈ ತಳ್ಳಿಂಗ," ಎಂದು ಬೀದಿಗೆ ಕೂಗಿದರು.

ನಾನು ಅಡ್ಡ ನಿಂತೆ. "ಅತ್ತೆ, ಕದಲೋದಿಲ್ಲ ಅಂತ ಬರೆದುಕೊಟ್ಟಿದ್ದೀವಿ."

"ಅದು ಗೌರ್ಮೆಂಟಿಗೆ. ಇದು ಅಮ್ಮನಿಗೆ. ನಿಂಬೆಅಣ್ಣು ದಾಟ್ದಿದ್ರೆ ಅದು ಸತ್ತ ವಂಡಿ ಅಂತ ನಾವೇ ಒಪ್ಕೊಂಡಂಗೆ. ನಾನು ಒಪ್ಪಲ್ಲ, ಅಮ್ಮಿಣಿ."

ನನಗೆ ಕಾನೂನು ಗೊತ್ತಿತ್ತು. ಗೊತ್ತಿದ್ದೂ ಹೋಗಿ ಹಿಂದಿನ ಹಲಗೆಗೆ ಭುಜ ಕೊಟ್ಟೆ. ಅದನ್ನು ಯಾರ ಮೇಲೂ ಹಾಕುವುದಿಲ್ಲ. ಗಂಡ ಸ್ಟೇರಿಂಗ್ ಹಿಡಿದಿದ್ದರು. ಗಂಡಸರು ಹೆಂಗಸರು ಎಲ್ಲ ಸೇರಿ ತಳ್ಳಿದೆವು. ನಿಂಬೆಹಣ್ಣು ಪಚಕ್ಕೆಂದಿತು. ಆದರೆ ಪಾವಡಿ ರಸ್ತೆಯ ಕಡೆಗೆ ಸ್ವಲ್ಪ ಇಳಿಜಾರು, ಹ್ಯಾಂಡ್‌ಬ್ರೇಕ್ ಸವೆದಿತ್ತು. ಒಂದು ಗೇಣು ಹೋಗಬೇಕಾದ ಲಾರಿ ನಿಂಬೆಹಣ್ಣಿನ ಸಿಪ್ಪೆಯನ್ನು ಟಯರಿಗೆ ಅಂಟಿಸಿಕೊಂಡು ಉರುಳಿ, ಯಾರೋ ಚಕ್ರಕ್ಕೆ ಕಲ್ಲು ಕೊಡುವಷ್ಟರಲ್ಲಿ ಮುಂದಿನ ಎರಡು ಚಕ್ರ ಟಾರಿನ ಮೇಲೆ ನಿಂತಿದ್ದವು. ಹಿಂದಕ್ಕೆ ತಳ್ಳೋಣ ಎಂದೆ. ಬೀದಿಯಲ್ಲಿ ಒಬ್ಬರೂ ಕೈ ಹಾಕಲಿಲ್ಲ. ಪೂಜೆಯಾದ ವಂಡಿಯನ್ನು ಹಿಂದಕ್ಕೆ ತಳ್ಳುವುದುಂಟೇ ಎಂದು ನನ್ನನ್ನೇ ನೋಡಿದರು.

ಮಾರನೆಯ ದಿನ ವಿಜಯದಶಮಿ. ಗಂಡ ಡ್ಯೂಟಿಗೆ ಹೊರಟುಹೋದರು. ಅದರ ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಹೊಸ ಪಾವು. ದಕ್ಷಿಣದ ಕಲ್ಲಿನಿಂದ ಲಾರಿಯ ಹಿಂದಿನ ಬಂಪರಿನವರೆಗೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಅತ್ತೆಯೂ ನಾನೂ ಕುಂಚ ಹಿಡಿದಿದ್ದೆವು. ಬಿಸಿಲು ಬೀಳುವ ಹೊತ್ತಿಗೆ ಜೀಪು ಬಂತು. ಏಟು ಮುಂದೆ ಇಳಿದರು. ಆಮೇಲೆ ಇಳಿದವರು ಬ್ರೇಕ್ ಇನ್ಸ್‌ಪೆಕ್ಟರ್.

ಅವರು ಗಟ್ಟಿಯಾಗಿ ಮಾತಾಡುವ ಮನುಷ್ಯರಲ್ಲ. ಕೈಯಲ್ಲಿ ನಾನು ಬರೆದ ಅರ್ಜಿಯೇ ಇತ್ತು. ಮಾಲೆ ನೋಡಿದರು, ವಿಭೂತಿ ನೋಡಿದರು, ಬಗ್ಗಿ ಪೆನ್ನಿನ ತುದಿಯಿಂದ ಟಯರಿಗೆ ಅಂಟಿದ ನಿಂಬೆಸಿಪ್ಪೆಯನ್ನು ಬಿಡಿಸಿದರು.

"ಕದಲುವುದಿಲ್ಲ ಎಂದು ಬರೆದಿದ್ದೀರಿ. ಇದನ್ನು ಹಿಸುಕಿದ್ದು ಯಾರು?" ಎಂದು ತಮಿಳಿನಲ್ಲಿ ಕೇಳಿದರು.

ಅತ್ತೆ ಗಂಜಿಯ ಕೈಯಲ್ಲೇ ಬಾನೆಟ್ ಎತ್ತಿದರು. ಒಳಗೆ ಇಂಜಿನ್ ಇರಬೇಕಾದ ಜಾಗದಲ್ಲಿ ಗಂಜಿಯ ಮಡಕೆ, ಎರಡು ಹಳೆಯ ಕುಂಚ ಇದ್ದವು. ಅವನ್ನಿಡಲು ಬೀದಿಯವರಿಗೆ ಅದು ಅನುಕೂಲದ ಜಾಗವಾಗಿತ್ತು. ಇನ್ಸ್‌ಪೆಕ್ಟರ್ ಬಹಳ ಹೊತ್ತು ಒಳಗೆ ನೋಡಿದರು.

"ಹಾಗಾದರೆ ನಡೆಸಿದ್ದು ಯಾರು?"

"ನಾನು," ಎಂದರು ಅತ್ತೆ. ನಾನೂ ಎಂದೆ ನಾನು. ಜಗಲಿಗಳ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದು ಬಂದು, ನಾನೂ, ನಾನೂ ಎಂದರು. ಏಟು ಹೆಸರು ಬರೆಯಲು ಹೊರಟವರು ಆರನೆಯ ಹೆಸರಿಗೆ ಪೆನ್ನು ಜೇಬಿಗಿಟ್ಟರು.

ಇನ್ಸ್‌ಪೆಕ್ಟರ್ ಮಾತ್ರ ನಗಲಿಲ್ಲ. ಇಂಜಿನ್ ಇಲ್ಲ, ಸರಿ, ತಳ್ಳಿದಿರಿ, ಅದನ್ನೂ ಬರೆದುಕೊಳ್ಳುತ್ತೇನೆ. ಆದರೆ ಮುಂದಿನ ಚಕ್ರ ಸರ್ಕಾರಿ ರಸ್ತೆಯ ಮೇಲಿದೆ. ರಸ್ತೆಯ ಮೇಲಿದ್ದರೆ ನೀವು ಕೊಟ್ಟ ಕಾಗದಕ್ಕೆ ಬೆಲೆಯಿಲ್ಲ. ಎಳೆಯುವ ವಂಡಿ ಹಿಂದೆಯೇ ಬರುತ್ತಿದೆ, ಹಗ್ಗ ಬಿಚ್ಚಿ ಎಂದರು. ಠಾಣೆಯ ಹಿಂದಿನ ಮುಳ್ಳುಗಿಡ ಕಣ್ಣಿಗೆ ಬಂತು. ಗೋಡೆಯ ಕಡೆ ತಿರುಗಿ ಕೂತ ಗಂಡನ ಬೆನ್ನು ಕಣ್ಣಿಗೆ ಬಂತು.

"ಅಗ್ಗ ಬಿಚ್ಚಂಗಿಲ್ಲ, ಸಾಮಿ," ಎಂದರು ಅತ್ತೆ. "ಪಾವು ಅಸಿ ಇದೆ. ಈಗ ಸಡ್ಲ ಬಿಟ್ರೆ ಎಳೆ ಎಳೆ ಅಂಟ್ಕೊಂಡು ಪೂರಾ ಓಗ್ತದೆ. ಒಣಗ್ಲಿ. ಅಲ್ಲೀವರ್ಗೂ ಜಗಲೀಲಿ ಕೂತ್ಕೊಳ್ಳಿಂಗ. ಅಮ್ಮಿಣಿ, ಸಾಮಿಗೆ ಕಾಪಿ ಕೊಡು."

ಅವರು ತಮಿಳಿನಲ್ಲೇ ಹೇಳಿದರು, ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ಹೀಗೆ. ಇನ್ಸ್‌ಪೆಕ್ಟರ್ ನೂಲನ್ನು ನೋಡಿದರು, ಬಿಸಿಲನ್ನು ನೋಡಿದರು, ಹೋಗಿ ಕೂತರು. ನಾನು ಕಾಫಿ ಕೊಟ್ಟು ತಿರುಗುವಷ್ಟರಲ್ಲಿ ಅತ್ತೆ ಮನೆಯೊಳಗಿಂದ ಎರಡು ವಸ್ತು ತಂದಿದ್ದರು. ಒಂದು ಕೈಯಲ್ಲಿ ಗೂಟದ ಮೇಲಿದ್ದ ಅಳತೆಯ ಹಗ್ಗ. ಇನ್ನೊಂದರಲ್ಲಿ ಹಾರೆ.

ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ದಕ್ಷಿಣದ ಕಲ್ಲಿಗೆ ಹಿಡಿದು ನಿಲ್ಲು ಎಂದರು. ಇನ್ನೊಂದು ತುದಿಯನ್ನು ಬಿಚ್ಚುತ್ತ ಪಾವಿನ ಪಕ್ಕದಲ್ಲೇ ನಡೆದರು. ಲಾರಿಯ ಹತ್ತಿರ ಬಂದರು. ಹಗ್ಗ ಮುಗಿಯಲಿಲ್ಲ. ಲಾರಿಯ ಮುಂದಿನ ಚಕ್ರವನ್ನು ದಾಟಿದರು. ಇನ್ನೂ ಮುಗಿಯಲಿಲ್ಲ. ಟಾರಿನ ಮೇಲೆ ನಾಲ್ಕು ಹೆಜ್ಜೆ ಹೋದ ಮೇಲೆ ಹಗ್ಗ ಬಿಗಿಯಾಯಿತು. ಅಲ್ಲಿ ಹಿಮ್ಮಡಿಯೂರಿ ನಿಂತು ಹಾರೆ ಎತ್ತಿದರು.

ಇನ್ಸ್‌ಪೆಕ್ಟರ್ ಕಾಫಿ ಲೋಟ ಕೆಳಗಿಟ್ಟು ಎದ್ದುಬಂದರು. "ಸರ್ಕಾರಿ ರಸ್ತೆ ಒಡೆದರೆ ಅದು ಇನ್ನೊಂದು ಕೇಸು, ಅಮ್ಮಾ."

"ಬರ್ಕೊಳ್ಳಿಂಗ. ಪೇಪರಲ್ಲಿ ಇನ್ನೂ ಎಡ ಇದ್ಯಲ್ಲ." ಎಡ ಎಂದರೆ ಅವರ ಮಾತಿನಲ್ಲಿ ಜಾಗ.

ಮೊದಲ ಏಟಿಗೆ ಟಾರು ಬಿರಿಯಿತು. ಜಲ್ಲಿ ಬಂತು. ಇನ್ನಷ್ಟು ಜಲ್ಲಿ ಬಂತು. ಅತ್ತೆಗೆ ಏದುಸಿರು. ನಾನು ಹಗ್ಗವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಓಡಿಬಂದು ಹಾರೆ ಕಿತ್ತುಕೊಂಡೆ. ಅಲ್ಲಿ ಏನೂ ಇಲ್ಲದಿದ್ದರೆ ಲಾರಿಯೂ ಹೋಗುತ್ತದೆ, ಅತ್ತೆಯ ಮೇಲೆ ಕೇಸೂ ಬೀಳುತ್ತದೆ ಎಂದು ನನ್ನ ಕೈಗೆ ಗೊತ್ತಿತ್ತು. ಸಿಟ್ಟಿನಿಂದ ಹೊಡೆದೆ. ಐದೋ ಆರೋ ಏಟಿಗೆ ಹಾರೆ ಠಣ್ ಎಂದು ನನ್ನ ಮೊಣಕೈವರೆಗೆ ನಡುಗಿಸಿತು. ಅತ್ತೆ ಕೂತು ಬರಿಗೈಯಲ್ಲಿ ಜಲ್ಲಿ ಬಳಿದರು. ಕೆಳಗೆ ಮುರಿದ ಕಲ್ಲಿನ ಬುಡ ಕಂಡಿತು. ಅದರ ಮೈಸುತ್ತ ತಲೆಮಾರುಗಳ ಹಗ್ಗ ಉಜ್ಜಿ ಬಿದ್ದ ಗೀರು ಇತ್ತು.

ಇನ್ಸ್‌ಪೆಕ್ಟರ್ ಕಲ್ಲನ್ನೂ ದೂರದ ಆ ಕಲ್ಲನ್ನೂ ನೋಡಿದರು. ಇದು ಪಾವಡಿಯ ಕಲ್ಲೇ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದರು. ನಾವು ಹೇಳಿದರೆ ನಮ್ಮ ಮಾತಾಗುತ್ತದೆ. ಅವರು ಸುತ್ತ ನೋಡಿ, ತಕರಾರು ಕೊಟ್ಟವರು ಯಾರು ಎಂದು ಕೇಳಿದರು. ವ್ಯಾನಿನ ಪಕ್ಕ ನಿಂತಿದ್ದ ಪೊನ್ನುಸಾಮಿ ಮುಂದೆ ಬಂದ.

"ನೀವೇ ಹೇಳಿ. ಇದು ಏನು?"

ಪೊನ್ನುಸಾಮಿ ನಮ್ಮ ಕಡೆ ನೋಡಲಿಲ್ಲ. ಅವನು ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಮೇಲೆ ಕುಕ್ಕರಗಾಲಲ್ಲಿ ಕೂತು ಆ ಗೀರಿನೊಳಗೆ ಬೆರಳಿಟ್ಟ.

"ಪಾವಡಿ ಕಲ್ಲು ಸಾರ್," ಎಂದ. "ನಮ್ಮ ತಾತ ನೆಟ್ಟದ್ದು. ಚಿಕ್ಕವನಿದ್ದಾಗ ನಾನೇ ಇದಕ್ಕೆ ಹಗ್ಗ ಸುತ್ತಿದ್ದೇನೆ." ಎದ್ದು ಕೈ ಒರೆಸಿಕೊಂಡು, ಅದೇ ಉಸಿರಿನಲ್ಲಿ, "ಆದರೂ ನನ್ನ ವ್ಯಾನು ತಿರುಗಲ್ಲ ಸಾರ್," ಎಂದ.

ಬೀದಿಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಅವರು ಇನ್ಸ್‌ಪೆಕ್ಟರರ ಎದುರು ನಿಂತು ತಮಿಳಿನಲ್ಲಿ ಹೇಳಿದರು, "ವಂಡಿ ಎನ್ನದು, ಎಡಂ ಎಂಗಳದು." ವಂಡಿ ನನ್ನದು, ಜಾಗ ನಮ್ಮದು. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಇನ್ಸ್‌ಪೆಕ್ಟರ್ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು. ನಾನು ಹತ್ತಿರ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಇಂಜಿನ್ ಇಲ್ಲ. ವಾಹನ ನೇಕಾರರ ಪಾವಡಿಯ ಎಲ್ಲೆಯೊಳಗೆ ನಿಂತಿದೆ. ಅಷ್ಟೇ ಇತ್ತು. ನಿಂಬೆಹಣ್ಣಿನ ಸುದ್ದಿಯಾಗಲಿ ಹಾರೆಯ ಸುದ್ದಿಯಾಗಲಿ ಅದರಲ್ಲಿ ಇರಲಿಲ್ಲ. ಸಾರ್ವಜನಿಕರು ನಡೆದಾಡುವ ಜಾಗ ಯಾರದಾದರೂ ಅದು ರಸ್ತೆಯೇ ಎಂದು ಇನ್ನೊಬ್ಬ ಅಧಿಕಾರಿ ವಾದಿಸಬಹುದಿತ್ತು ಎಂದು ಆಮೇಲೆ ಹುಣಸೆಮರದ ಮುದುಕರು ನನಗೆ ಹೇಳಿದರು. ಇರಬಹುದು. ಅವತ್ತು ಬಂದವರು ಇವರು. ಎಳೆಯುವ ವಂಡಿ ಅರ್ಧ ದಾರಿಯಿಂದಲೇ ವಾಪಸ್ಸು ಹೋಯಿತು.

ಪೊನ್ನುಸಾಮಿ ಹೊರಟಾಗ ಅತ್ತೆ ತಡೆದರು. "ವ್ಯಾನಿಗೆ ಎಡ ಬೇಕಾದ್ರೆ ನನ್ ಕೇಳು. ಪೋಲೀಸ್ನ ಕೇಳ್ಬೇಡ." ಅವನು ಮಾರನೆಯ ಬೆಳಿಗ್ಗೆ ಬಂದು ಕೇಳಿದ. ಕೇಳಿದ ಮೇಲೆ ಅತ್ತೆ ಇಲ್ಲ ಎನ್ನಲಿಲ್ಲ. ಆದರೆ ಲಾರಿಯನ್ನು ಹಿಂದಕ್ಕೆ ತಳ್ಳಲಿಲ್ಲ. ಅವನನ್ನೇ ಸ್ಟೇರಿಂಗಿಗೆ ಕೂರಿಸಿ, ಬೀದಿಯೆಲ್ಲ ಸೇರಿ ಮುಂದಕ್ಕೇ ತಳ್ಳಿ, ಪಾವಡಿಯ ಸುತ್ತ ಒಂದು ದೊಡ್ಡ ಸುತ್ತು ಹಾಕಿಸಿ ಮಣ್ಣಿಗೆ ತಂದು ನಿಲ್ಲಿಸಿದೆವು. ಮೊದಲೇ ಎರಡು ಮಾರು ಹಿಂದಕ್ಕೆ ತಳ್ಳಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಅಷ್ಟು ಜನ ಬೆವರು ಹರಿಸಿದೆವು. ಇನ್ನೊಮ್ಮೆ ಬಂದರೂ ನಾನು ಹಾಗೇ ಮಾಡುತ್ತೇನೆ.

ದೀಪಾವಳಿಗೆ ಇಂಜಿನ್ ಬರಲಿಲ್ಲ. ಪೋತ್ತನೂರಿನ ಮೇಸ್ತ್ರಿ ಕಾರ್ತಿಕವನ್ನೂ ಕಳೆದು, ಡಿಸೆಂಬರಿನ ಮಾರ್ಗಳಿ ಚಳಿಯಲ್ಲಿ ಕೊನೆಗೂ ತಂದು ಕೂರಿಸಿದರು. ಹೊಸ ವರ್ಷದ ಕಂತಿಗೆ ಪುಸ್ತಕ ಬಿಡಿಸಿಕೊಂಡು, ಟ್ಯಾಕ್ಸ್ ಕಟ್ಟಿ, ಎಫ್.ಸಿ.ಗೆ ಲಾರಿ ತೋರಿಸಲು ಹೋದಾಗ ಅದೇ ಇನ್ಸ್‌ಪೆಕ್ಟರ್ ಹ್ಯಾಂಡ್‌ಬ್ರೇಕನ್ನು ಮೂರು ಸಲ ಎಳೆದು ನೋಡಿದರಂತೆ. ಮೊದಲ ಲೋಡಿನ ದಿನ ಅತ್ತೆ ಕ್ಯಾಬಿನ್ನಿನಲ್ಲಿ ಮಗನ ಪಕ್ಕ ಕೂತು ತಿರುಪ್ಪೂರಿನವರೆಗೆ ಹೋಗಿಬಂದರು. ಪಾವಿನ ಹಗ್ಗದ ಒಂದು ತುಂಡು ಬಂಪರಿನಲ್ಲೇ ಉಳಿದಿತ್ತು. ಬಿಚ್ಚಲು ಬಿಡಲಿಲ್ಲ. ನನ್ನ ಗಂಡ ಆಮೇಲೆ ಇನ್ನೊಬ್ಬರ ಸ್ಟೇರಿಂಗ್ ಹಿಡಿಯಲಿಲ್ಲ, ಗೋಡೆಯ ಕಡೆ ತಿರುಗಿ ಉಣ್ಣಲೂ ಇಲ್ಲ. ನನಗೆ ಬೇಕಾದದ್ದು ಅಷ್ಟೇ.

ಈಗ ಆ ಬೀದಿಯಲ್ಲಿ ಕೈಮಗ್ಗವಿಲ್ಲ, ಪಾವು ಎಳೆಯುವವರಿಲ್ಲ. ಲಾರಿಯೂ ಹೋಯಿತು, ಅತ್ತೆಯೂ ಹೋದರು. ಅವರು ಹೋಗುವ ಮುಂಚೆ ಒಂದು ಸಲ ಬೀದಿಗೆ ಕಾಂಕ್ರೀಟ್ ಹಾಕಲು ಬಂದಿದ್ದರು. ಎಂಬತ್ತು ದಾಟಿದ್ದ ಅತ್ತೆ ಒಂದು ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಹೋಗಿ ಕಲ್ಲಿನ ಮೇಲೆ ಹಾಕಿ ಕೂತರು. ಎರಡು ದಿನ ಕೂತರು, ಊಟವನ್ನು ನಾನೇ ಅಲ್ಲಿಗೆ ಕೊಟ್ಟೆ. ಕಂಟ್ರಾಕ್ಟರು ಬೇಸತ್ತು ಕುರ್ಚಿಯ ಸುತ್ತ ಹಲಗೆ ಕಟ್ಟಿ ಕಾಂಕ್ರೀಟ್ ಸುರಿದು ಹೋದ. ಹಾಗಾಗಿ ಆ ನುಣ್ಣನೆಯ ರಸ್ತೆಯಲ್ಲಿ ಒಂದು ಚೌಕ ಗುಂಡಿ ಉಳಿದಿದೆ, ಅದರೊಳಗೆ ಕಲ್ಲು.

ಷೋರೂಮಿನಿಂದ ನೇರವಾಗಿ ಅಲ್ಲಿಗೇ ಹೋಗು ಎಂದೆ ಮಗಳಿಗೆ. ಗುಂಡಿಯ ಪಕ್ಕದಲ್ಲಿ ನಿಲ್ಲಿಸು ಎಂದೆ. ಹಿಂದಿನಿಂದ ಯಾರದೋ ಬೈಕು ಹಾರ್ನ್ ಹೊಡೆಯುತ್ತಿತ್ತು.

"ಇಲ್ಲಿ ಬೇಡಮ್ಮಾ, ಇದು ರೋಡು," ಎಂದಳು.

"ಇಳಿದು ನೋಡು," ಎಂದೆ.